ಸರ್ವೆ ಕಲ್ಲಿಗೆ ವಿಭೂತಿ

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ರೈಲು ಸರ್ವೆಯವರು ಕುರುಗೋಡಿನ ಹೊರಗೆ, ಸಿರುಗುಪ್ಪ ಕಡೆಯ ರಸ್ತೆಯ ಬದಿಗೆ, ಮೊಳದುದ್ದದ ಒಂದು ಕಲ್ಲು ನೆಟ್ಟು ಹೋದರು. ಬಳ್ಳಾರಿಯಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ನಾನು ಅದನ್ನು ಆರು ಸಾಲಿನಲ್ಲಿ ಬರೆದೆ. ಸಂಪಾದಕರು ಎರಡಕ್ಕೆ ಇಳಿಸಿದರು. ಆ ಎರಡು ಸಾಲಿನ ಮೇಲೆ ನನ್ನ ಸೋದರಮಾವ ಒಂದು ಇಡೀ ಪಟ್ಟಣ ಕಟ್ಟಿದರು.

ಸರ್ಕಾರಕ್ಕಿಂತ ಮೊದಲೇ ಯೋಜನೆ ಮುಗಿಸಿದ ಮನುಷ್ಯ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು. ಹತ್ತಿ ಬೆಳೆಯುವ ರೈತ. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ಹಿಂಬದಿಗೆ ನಕ್ಷೆ ಬರೆಯುತ್ತಿದ್ದರು. ಸ್ಟೇಷನ್ನಿನ ಮೂಡಣಕ್ಕೆ ತೆಕ್ಕಲಕೋಟೆಯ ಭತ್ತಕ್ಕೆ ಗೋದಾಮು, ಪಡುವಣಕ್ಕೆ ಹತ್ತಿ ಜಿನ್ನಿನ ಗಿರಣಿ, ಎದುರಿಗೆ ವಗ್ಗರಣಿ-ಮಿರ್ಚಿ ಅಂಗಡಿಗಳ ಸಾಲು. ಸಂಗನಕಲ್ಲಿನ ಗುಡ್ಡದಲ್ಲಿ ಆದಿಮಾನವರ ಕಲ್ಲು ನೋಡಲು ಬರುವ ಪರದೇಶದವರಿಗೆ ಒಂದು ಲಾಡ್ಜು. ಆದಿಮಾನವರು ಇದ್ದದ್ದು ಬಳ್ಳಾರಿಯ ಪಕ್ಕದಲ್ಲಿ, ಲಾಡ್ಜು ಕುರುಗೋಡಿನಲ್ಲಿ ಏಕೆ ಎಂದು ಕೇಳುವಂತಿರಲಿಲ್ಲ.

ಬರುವುದು ಜೋರು ಓಟದ ಗಾಡಿ ಎಂದು ಸರ್ವೆಯವನೊಬ್ಬ ಚಹಾ ಕುಡಿಯುತ್ತ ಹೇಳಿದ್ದನಂತೆ. ನನಗೆ ಅನುಮಾನ.

"ಅಷ್ಟು ಜೋರು ಓಡೋ ಗಾಡಿ ಕುರುಗೋಡಿನಾಗ ಯಾಕ ನಿಲ್ಲತೈತಿ ಮಾಮಾ?"

"ಜೋರು ಓಡಿದವರಿಗೆ ನೀರಡಿಕಿ ಆಗತೈತಲೇ. ನಮ್ಮೂರ ನೀರು ಚಲೋ ಅದಾವು."

ಒಳಗಿನಿಂದ ಅತ್ತೆಯ ದನಿ ಬಂತು. "ಬಚ್ಚಲದ ಗ್ವಾಡಿ ಬಿದ್ದು ವರ್ಷ ಆತು. ಮದ್ಲ ಅದನ್ನ ಸರ್ವೆ ಮಾಡ್ರಿ."

ಅಂಗಡಿ ಹಂಚಿಕೆಯಲ್ಲಿ ಕ್ಷೌರಿಕನಿಗೆ ಪ್ಲಾಟ್‌ಫಾರ್ಮಿನ ಎದುರು ಜಾಗ ಸಿಕ್ಕಿತು, ದರ್ಜಿಗೆ ನೀರಿನ ಟಾಕಿಯ ಹಿಂದೆ. ಇಲ್ಲದ ಸ್ಟೇಷನ್ನಿನ ಇಲ್ಲದ ಟಾಕಿಯ ಹಿಂದೆ ತನ್ನನ್ನು ತಳ್ಳಿದರೆಂದು ದರ್ಜಿ ಮಾತು ಬಿಟ್ಟ, ಅವರ ಅಂಗಿ ಹೊಲಿಯುವುದನ್ನೂ ಬಿಟ್ಟ. ಮಾವ ಎರಡು ದೀಪಾವಳಿ ಹರಿದ ತೋಳಿನ ಅಂಗಿಯಲ್ಲೇ ಕಳೆದರು. ಆದರೂ ನಕ್ಷೆ ತಿದ್ದಲಿಲ್ಲ!

ಇಷ್ಟೆಲ್ಲದರ ನಡುವೆ ಅವರದು ಒಂದೇ ಷರತ್ತು. ಮೊದಲ ಗಾಡಿಯಲ್ಲಿ ಅವರ ಮಗಳು ನಾಗರ ಪಂಚಮಿಗೆ ಬಂದಿಳಿಯಬೇಕು. ಒಬ್ಬಳೇ ಮಗಳನ್ನು ಹಚ್ಚೊಳ್ಳಿಗೆ ಕೊಟ್ಟಿದ್ದರು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಹಚ್ಚೊಳ್ಳಿಯಿಂದ ಸಿರುಗುಪ್ಪಕ್ಕೆ ಕಾಲುವೆ ರಸ್ತೆಯಲ್ಲಿ ಟ್ರ್ಯಾಕ್ಟರ್, ಅಲ್ಲಿಂದ ಎರಡು ಬಸ್ಸು. ಮಳೆ ಬಂದರೆ ಟ್ರ್ಯಾಕ್ಟರ್ ಹೊರಡುವುದಿಲ್ಲ. ಪಂಚಮಿ ಬರುವುದು ಮಳೆಗಾಲದಲ್ಲೇ.

ಇನ್ನು ಕಲ್ಲಿನ ವಿಷಯ. ಎಮ್ಮೆಗಳು ಅದಕ್ಕೆ ಮೈ ಉಜ್ಜತೊಡಗಿದವು. ಕಲ್ಲು ವಾಲಿತು. ಮಾವ ಅದನ್ನು ನೆಟ್ಟಗೆ ನಿಲ್ಲಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದರು.

"ದೇವರಂದ್ರ ಮುಗೀತು. ಯಾರೂ ಮುಟ್ಟಂಗಿಲ್ಲ," ಎಂದರು ನನಗೆ.

ಎಮ್ಮೆಗಳ ಮೇಲೆ ಅದರ ಪರಿಣಾಮವೇನೂ ಆಗಲಿಲ್ಲ. ಮನುಷ್ಯರ ಮೇಲೆ ಆಯಿತು. ಮುಂದಿನ ಸೋಮವಾರ ಯಾರೋ ಕಾಯಿ ಒಡೆದಿದ್ದರು. ತಿಂಗಳೊಳಗೆ ಒಂದು ಗಂಟೆ ಬಂತು. ಸಿರುಗುಪ್ಪದ ಲಾರಿಯವರು ಇಳಿದು ಕರ್ಪೂರ ಹಚ್ಚತೊಡಗಿದರು. ಮಾವನಿಗೆ ಸಂತೋಷವೋ ಸಂತೋಷ. ಕಾವಲಿಗೆ ಇಡೀ ಊರೇ ನಿಂತಿತಲ್ಲ.

ಎರಡು ವರ್ಷದ ಮೇಲೆ ಸರ್ವೆಯವರು ಮತ್ತೆ ಬಂದರು. ಕಲ್ಲು ತಪ್ಪು ಜಾಗದಲ್ಲಿದೆ, ಕಿತ್ತು ಹತ್ತು ಮಾರು ಆಚೆ ನೆಡಬೇಕು ಎಂದರು. ಹಾರೆ ಎತ್ತುವುದರೊಳಗೆ ಜನ ಸೇರಿತು. ನಾನು ಅಂದು ಅಲ್ಲೇ ಇದ್ದೆ, ನೋಡಿದ್ದನ್ನು ಹೇಳುತ್ತಿದ್ದೇನೆ. ಮಾವ ಕಲ್ಲಿನ ಮುಂದೆ ನಿಂತು, ತಾವೇ ಮಾಡಿದ ದೇವರ ವಿರುದ್ಧ ಸಾಕ್ಷಿ ಹೇಳಿದರು.

"ಇದು ಬರೇ ಕಲ್ಲರಿ. ಎಮ್ಮಿ ಕಾಟಕ್ಕ ವಿಭೂತಿ ಹಚ್ಚಿದಾಂವ ನಾನ."

ಗುಂಪಿನಿಂದ ಒಬ್ಬ ಮುದುಕಿ ಮುಂದೆ ಬಂದಳು. "ಹಚ್ಚಿದಾಂವ ನೀನಿರಬಹುದಪ್ಪಾ. ನನ್ನ ಮೊಮ್ಮಗಳ ಜ್ವರ ಇಳಿಸಿದ್ದು ನೀನೇನು?"

ಸರ್ವೆಯವರ ಹಿರಿಯ, ತೆಲುಗಿನವನು, ಕೈ ಮುಗಿದ. "ವದ್ದು, ವದ್ದು. ದೇವರ ಗೊಡವಿ ನಮಗ ಬ್ಯಾಡ್ರಿ," ಎಂದು ದುರ್ಬೀನು ಮಡಿಚಿ ಜೀಪು ಹತ್ತಿದ. ಮತ್ತೆ ಬರಲಿಲ್ಲ.

ರೈಲು ಬಾರದ್ದಕ್ಕೆ ಕಲ್ಲೇ ಕಾರಣವೇ? ವಿಚಾರಿಸುವುದು ನನ್ನ ಕೆಲಸ. ವಿಚಾರಿಸಿದೆ. ಕಡತ ಮೇಲಕ್ಕೆ ಹೋಗಿದೆ ಎಂದರು. ಮೇಲೆ ಕೇಳಿದರೆ ಕೆಳಗೆ ಬಂದಿದೆ ಎಂದರು. ಕಲ್ಲಿನ ಹೆಸರನ್ನು ಯಾರೂ ಎತ್ತಲಿಲ್ಲ. ಇದನ್ನು ಮಾವನಿಗೆ ಹೇಳಿದೆ.

"ನೀ ಸುಮ್ನಿರಲೇ. ನನ್ನ ಮೂರು ಬೆರಳು ಮಾಡಿದ ಕೆಲಸ ಅದು," ಎಂದರು. ಅಂದಿನಿಂದ ಅವರು ನಕ್ಷೆ ಬರೆದದ್ದನ್ನು ನಾನು ನೋಡಿಲ್ಲ. ಕ್ಷೌರಿಕ ತನ್ನ ಅಂಗಡಿಯ ಸುದ್ದಿ ತೆಗೆದರೆ ಬೇರೆ ಮಾತು ಎತ್ತುತ್ತಿದ್ದರು. ದರ್ಜಿ ತಾನಾಗಿ ಬಂದು ಅಂಗಿಯ ಅಳತೆ ತೆಗೆದುಕೊಂಡು ಹೋದ.

ಇದೆಲ್ಲ ಆಗಿ ಹತ್ತು ವರ್ಷ. ಮೊನ್ನೆ ಪಂಚಮಿಗೆ ಕುರುಗೋಡಿಗೆ ಹೋಗಿದ್ದೆ. ಅತ್ತೆ ಅಟ್ಟದಿಂದ ಉಂಡಿಯ ಡಬ್ಬಿ ಇಳಿಸುವಾಗ ಕ್ಯಾಲೆಂಡರಿನ ಹಾಳೆಗಳ ಸುರುಳಿ ಕೆಳಗೆ ಬಿತ್ತು. ಒಂದೊಂದೇ ಬಿಡಿಸಿದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಎಲ್ಲದಕ್ಕೂ ಗೋದಾಮು, ಗಿರಣಿ, ಸಂತೆ. ಕೊನೆಯ ಹಾಳೆಯಲ್ಲಿ ಹಳಿ ಸಿರುಗುಪ್ಪ ದಾಟಿ ಹಚ್ಚೊಳ್ಳಿಗೆ ಹೋಗಿತ್ತು. ಅಲ್ಲಿ ಗೋದಾಮಿಲ್ಲ, ಗಿರಣಿಯಿಲ್ಲ. ಒಂದು ಬೇವಿನ ಮರ, ಅದರ ಕೆಳಗೆ ಒಂದು ಬೆಂಚು, ನೀರಿನ ಗಡಿಗೆ. ಬೆಂಚಿನ ಪಕ್ಕ ಪೆನ್ಸಿಲಿನಲ್ಲಿ, "ಬೆನ್ನಿಗೆ ಆನಿಕಿ ಇರಬೇಕು. ಆಕಿಗೆ ಸೊಂಟನೋವು."

"ಈ ಸ್ಟೇಷನ್ನಿಗೆ ವ್ಯಾಪಾರ ಏನೈತಿ ಅತ್ತಿ?" ಎಂದೆ.

"ಏನೂ ಇಲ್ಲ," ಎಂದು ಅತ್ತೆ ಹಾಳೆಗಳನ್ನು ಸುತ್ತಿ ಮತ್ತೆ ಅಟ್ಟಕ್ಕಿಟ್ಟರು.

ಮಾವ ಮನೆಯಲ್ಲಿರಲಿಲ್ಲ. ಲಾರಿಯವರ ನಂತರ ಬಸ್ಸಿನವರೂ ಕರ್ಪೂರಕ್ಕೆ ನಿಲ್ಲಿಸತೊಡಗಿ, ಈಗ ಆ ಕಲ್ಲಿನ ಮುಂದೆಯೇ ಬಸ್ಸು ನಿಲ್ಲುತ್ತದೆ. ಅಲ್ಲಿ ಒಂದು ಬೆಂಚಿದೆ. ಅದಕ್ಕೆ ಬೆನ್ನಿನ ಆನಿಕೆ ಇದೆ. ಹಚ್ಚೊಳ್ಳಿಯಲ್ಲಿ ಹಿಂದಿನ ದಿನವಿಡೀ ಮಳೆಯಾಗಿತ್ತು. ಮಾವ ಬೆಳಗಿನ ಬಸ್ಸು ನೋಡಿದರು, ಮಧ್ಯಾಹ್ನದ ಬಸ್ಸು ನೋಡಿದರು, ಸಂಜೆಯ ಬಸ್ಸನ್ನೂ ನೋಡಿ ಮನೆಗೆ ಬಂದರು.