ಪೌಡರ್ ಹಾಕಿಕೊಂಡವರಿಗೆ ಪ್ರವೇಶವಿಲ್ಲ

ಸನ್ಮಾನ ಮಾಡಿಸಿಕೊಳ್ಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕೊಟ್ಟ ಕುರ್ಚಿಯ ಮೇಲೆ ಕೂತು, ಹಾರ ಹಾಕುವಾಗ ಕತ್ತು ಬಗ್ಗಿಸಿ, ಶಾಲು ಹೊದಿಸುವಾಗ ಬೆನ್ನು ನೆಟ್ಟಗೆ ಮಾಡಿ, ಉಳಿದ ಹೊತ್ತಿನಲ್ಲಿ 'ನಾನೇನು ಮಹಾ' ಎಂಬ ಮುಖ ಇಟ್ಟುಕೊಂಡಿದ್ದರೆ ಸಾಕು. ಅಮೆರಿಕದಲ್ಲಿ ಸ್ವಂತ ಕಾರ್ಖಾನೆ ಇಟ್ಟ ನಮ್ಮ ಕಡೆಯವನು ಎಂದು ತಿಪಟೂರಿನಲ್ಲಿ ನನಗೆ ಮೂರು ಸಲ ಸನ್ಮಾನವಾಗಿದೆ. ನಾನು ಅಲ್ಲಿ ಏನು ತಯಾರಿಸುತ್ತೇನೆ ಎಂಬುದನ್ನು ಭಾಷಣಕಾರರು ಮೂರು ಬಗೆಯಾಗಿ ವಿವರಿಸಿದರು. ಒಬ್ಬರು ರೇಡಿಯೊ ಎಂದರು. ಇನ್ನೊಬ್ಬರು ರಾಕೆಟ್ಟಿನ ಬಿಡಿಭಾಗ ಎಂದರು. ಮೂರನೆಯವರು ಜಾಣರು, 'ಅದನ್ನೆಲ್ಲ ಹೇಳುತ್ತಾ ಕೂರಲು ಸಮಯವಿಲ್ಲ' ಎಂದು ಮುಂದೆ ಹೋದರು. ಆದರೆ ಒಂದು ಮಾತನ್ನು ಮಾತ್ರ ಮೂವರೂ ತಪ್ಪದೆ ಹೇಳಿದರು: 'ಏಳು ಸಮುದ್ರ ದಾಟಿ ಹೋದರೂ ಹಣೆಯ ವಿಭೂತಿ ಬಿಡಲಿಲ್ಲ.' ಆ ಮಾತಿಗೆ ಜನ ಚಪ್ಪಾಳೆ ತಟ್ಟಿದರು, ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಎಂದುಕೊಂಡರು. ವಿನಯಕ್ಕೂ ನಾಚಿಕೆಗೂ ಕತ್ತು ಬಗ್ಗುವುದು ಒಂದೇ ರೀತಿಯಾದ್ದರಿಂದ ನಾನು ಇಷ್ಟು ದಿನ ಬಚಾವಾಗಿದ್ದೇನೆ.

ನಮ್ಮದು ಹೊನ್ನವಳ್ಳಿ. ಅಟ್ಟದ ತುಂಬ ಕಾಯಿ, ಮನೆಯ ತುಂಬ ಜನ. ಕಾಯಿಯನ್ನು ಸುಲಿಯದೆ ಅಟ್ಟದಲ್ಲಿ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಹಿಂಗಿ, ಕೊಬ್ಬರಿ ಗುಂಡಾಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗೊಟಗೊಟ ಎನ್ನುತ್ತದೆ. ಈ ಗೊಟಗೊಟ ಕೇಳುವ ಕೆಲಸವನ್ನು ಅಪ್ಪ ಜೀವಮಾನದಲ್ಲಿ ಯಾರಿಗೂ ಬಿಟ್ಟುಕೊಟ್ಟವರಲ್ಲ. ಮನೆಯಲ್ಲಿ ನಾಲ್ಕು ಜನ ಗಂಡಸರಿದ್ದರೂ ತಾವೇ ಏಣಿ ಹತ್ತಿ, ಒಂದೊಂದನ್ನೂ ಅಲ್ಲಾಡಿಸಿ, ಒಡೆದ ಮೇಲೆ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಬೇಕು. 'ಅಪ್ಪಾ, ಅಣ್ಣ ನೋಡ್ತಾನೆ, ಇಳೀರಿ' ಎಂದರೆ, 'ನಾನ್ ನೋಡ್ದೆ ಇದ್ರೆ ಇನ್ಯಾರ್ ನೋಡ್ತಾರ್ಲಾ?' ಎನ್ನುತ್ತಿದ್ದರು. ಅಪ್ಪನ ಆಸ್ತಿಯಲ್ಲಿ ನಾನು ಪಾಲು ಕೇಳಲಿಲ್ಲ. ಈ ಅಭ್ಯಾಸವೊಂದನ್ನು ಮಾತ್ರ ಕೇಳದೆಯೇ ಪೂರ್ತಿ ತೆಗೆದುಕೊಂಡು ಹೋದೆ.

ತಿಪಟೂರಿನಲ್ಲಿ ಹೈಸ್ಕೂಲು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್, ಅಮೆರಿಕದಲ್ಲಿ ಇನ್ನೊಂದು ಡಿಗ್ರಿ, ಅಲ್ಲೇ ಒಂದು ದೊಡ್ಡ ಕಂಪನಿಯಲ್ಲಿ ಕೆಲವು ವರ್ಷದ ನೌಕರಿ. ಆಮೇಲೆ ಎಪ್ಪತ್ತರ ದಶಕದ ನಡುವಿನಲ್ಲಿ ಪೀಟರ್ ಎಂಬ ಸಹೋದ್ಯೋಗಿಯೂ ನಾನೂ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಶೆಡ್ಡು ಹಿಡಿದೆವು. ಹಿಂದೆ ಅಲ್ಲಿ ಏಪ್ರಿಕಾಟ್ ಹಣ್ಣನ್ನು ಡಬ್ಬಿಗೆ ತುಂಬುತ್ತಿದ್ದರಂತೆ. ನಾವು ತಯಾರಿಸುತ್ತಿದ್ದದ್ದು ಸಿಲಿಕಾನ್ ಚಿಪ್. ಹಪ್ಪಳದಷ್ಟು ತೆಳುವಾದ, ಕನ್ನಡಿಯಷ್ಟು ನುಣುಪಾದ ಬಿಲ್ಲೆ. ಅದರ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳನ್ನು ಮೂಡಿಸಿ ಚೂರುಚೂರಾಗಿ ಕತ್ತರಿಸಿದರೆ ಒಂದೊಂದು ಚೂರೂ ಕ್ಯಾಲ್ಕುಲೇಟರಿನೊಳಗೆ ಕೂತು ಲೆಕ್ಕ ಮಾಡುತ್ತದೆ. ಇದಕ್ಕೆ ದೊಡ್ಡ ಶತ್ರುವೆಂದರೆ ಧೂಳು. ಕಣ್ಣಿಗೆ ಕಾಣದ ಒಂದು ಕಣ ಬಿದ್ದರೂ ಆ ಚೂರು ಕೆಟ್ಟಂತೆಯೇ. ಅದಕ್ಕೇ ಗಾಳಿಯನ್ನೂ ಸೋಸಿ ಒಳಗೆ ಬಿಡುವ ಒಂದು ಕೋಣೆ ಕಟ್ಟಿದೆವು. ಒಳಗೆ ಹೋಗುವವರು ತಲೆಗೆ ಟೋಪಿ, ಮೈಗೆ ಬಿಳಿ ನಿಲುವಂಗಿ, ಕೈಗೆ ಗವಸು ಹಾಕಬೇಕು. ಬಾಗಿಲ ಮೇಲೆ ನಾನೇ ಒಂದು ಬೋರ್ಡು ಬರೆಸಿ ತೂಗುಹಾಕಿದೆ: 'ಪೌಡರ್ ಹಾಕಿಕೊಂಡವರಿಗೆ ಪ್ರವೇಶವಿಲ್ಲ.'

ಮೊದಲ ವರ್ಷ ಅಷ್ಟಿಷ್ಟು ಮಾಲು ಚೆನ್ನಾಗಿಯೇ ಬಂತು. ಆಗ ನಾನು ಗಿರಾಕಿಗಳನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದೆ, ಪೀಟರ್ ಕಾರ್ಖಾನೆ ನೋಡಿಕೊಳ್ಳುತ್ತಿದ್ದ. ಗಿರಾಕಿಗಳು ಸಿಕ್ಕರು. ಇನ್ನು ಅಲೆಯುವುದು ಸಾಕು, ಕೆಲಸದ ಮೇಲೆ ಯಜಮಾನನ ಕಣ್ಣಿರಬೇಕು ಎಂದು ನಾನು ದಿನಾ ಬೆಳಿಗ್ಗೆ ಆ ಕೋಣೆಗೆ ಹೋಗಿ, ಒಂದೊಂದು ಬಿಲ್ಲೆಯ ಮೇಲೂ ಬಗ್ಗಿ, ಮೈಕ್ರೊಸ್ಕೋಪಿನಲ್ಲಿ ಇಣುಕಿ ನೋಡತೊಡಗಿದೆ. ಮಾಲು ಕೆಡತೊಡಗಿತು. ಕೆಟ್ಟಿತೆಂದು ಇನ್ನೂ ಹೆಚ್ಚು ಬಗ್ಗಿ ನೋಡಿದೆ. ಇನ್ನೂ ಹೆಚ್ಚು ಕೆಟ್ಟಿತು. ಕೊನೆಗೆ ಪೀಟರ್ ಹಾಳಾದ ಬಿಲ್ಲೆಗಳನ್ನು ಪರೀಕ್ಷಿಸಿ, 'ಎಲ್ಲದರ ಮೇಲೂ ಯಾವುದೋ ಬಿಳಿ ಪುಡಿ ಇದೆ' ಎಂದ. ಗಿರಾಕಿಗಳು ಕೈಬಿಟ್ಟರೆ ಶೆಡ್ಡಿಗೆ ಬೀಗ ಬೀಳುವುದೇ ಬಾಕಿ ಎನ್ನುವ ಹಾಗಾಗಿತ್ತು.

ಬಿಳಿ ಪುಡಿ ಎಂದೊಡನೆ ನನ್ನ ತಲೆಗೆ ಹೊಳೆದದ್ದು ತೆರೆಸಾ. ಫಿಲಿಪೀನ್ಸ್ ದೇಶದಿಂದ ಬಂದಿದ್ದ ಹೆಂಗಸು, ಮೂರು ಮಕ್ಕಳ ತಾಯಿ. ಮೂರು ಹೊತ್ತೂ ಅಚ್ಚುಕಟ್ಟಾಗಿರುತ್ತಿದ್ದಳು, ಕತ್ತಿಗೆ ಪೌಡರ್ ಹಚ್ಚುತ್ತಿದ್ದಳು. ಕರೆಸಿ ಕೇಳಿದೆ. 'ಒಳಗೆ ಬರುವ ಮೊದಲು ಸೋಪು ಹಾಕಿ ತೊಳೆದುಕೊಂಡೇ ಬರುತ್ತೇನೆ ಸಾರ್, ದಿನಾ' ಎಂದಳು. ನಾನು ಅವಳನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ಬೋರ್ಡು ತೋರಿಸಿದೆ. ಅವಳು ಬೋರ್ಡನ್ನು ಓದಿದಳು, ಆಮೇಲೆ ಒಂದು ಗಳಿಗೆ ನನ್ನ ಹಣೆಯನ್ನು ನೋಡಿದಳು. ನಮ್ಮ ಧರ್ಮದ ಮೇಲೆ ಎಷ್ಟು ಗೌರವ ಎಂದುಕೊಂಡೆ. ನಾಳೆಯಿಂದ ಬರಬೇಡ ಎಂದು ಹೇಳಿದೆ. ಊಟದ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೋದಳು. ನಾನು ಇಂಜಿನಿಯರು, ಎರಡು ಡಿಗ್ರಿ ಮಾಡಿದವನು. ಅವ್ವ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದ ವಿಭೂತಿ ಗಟ್ಟಿಯನ್ನು ದಿನಾ ಸ್ನಾನವಾದ ಮೇಲೆ ನೆನೆಸಿ ಮೂರು ಬೆರಳಿನಲ್ಲಿ ಹಣೆಯ ತುಂಬ ಬಳಿದುಕೊಂಡು ಆ ಕೋಣೆಗೆ ಹೋಗುತ್ತಿದ್ದೆ. ಅದೂ ಒಂದು ಪುಡಿ ಎಂದು ಒಂದು ದಿನವೂ ಹೊಳೆಯಲಿಲ್ಲ. ಪೌಡರ್ ಬೇರೆ, ವಿಭೂತಿ ಬೇರೆ. ಹುಟ್ಟಿದಾಗಿನಿಂದ ಹಾಗೆಯೇ ಇತ್ತು.

ಅದಾದ ಎರಡನೆಯ ದಿನ ತಂಗಿಯ ಮದುವೆಗೆಂದು ಊರಿಗೆ ಹೊರಟೆ. ಮದುವೆಯಾದ ವಾರಕ್ಕೆ ಹೊನ್ನವಳ್ಳಿಗೆ ಪೀಟರನ ತಂತಿ ಬಂತು. ತಂತಿ ಎಂದರೆ ಸಾವಿನ ಸುದ್ದಿಯೇ ಎಂದು ಅವ್ವ ಅಳುವುದಕ್ಕೆ ತಯಾರಾಗಿ ಕೂತಳು. ಒಡೆದು ನೋಡಿದರೆ, 'ಮಾಲು ಬಹಳ ಚೆನ್ನಾಗಿ ಬರುತ್ತಿದೆ. ಬೇಕಾದರೆ ಇನ್ನೂ ಒಂದು ವಾರ ಅಲ್ಲೇ ಇರು' ಎಂದಿತ್ತು. ನಾನು ಹಿಗ್ಗಿಹೋದೆ. ಜಗಲಿಯ ಮೇಲೆ ನೆಂಟರನ್ನೆಲ್ಲ ಕೂರಿಸಿಕೊಂಡು, ಪೌಡರಿನ ಕಳ್ಳಿಯನ್ನು ನಾನು ಹೇಗೆ ಕಂಡುಹಿಡಿದೆ ಎಂಬುದನ್ನು ಕೈಬಾಯಿ ತಿರುಗಿಸಿ ಹೇಳಿದೆ. ಎಲ್ಲರೂ ತಲೆದೂಗಿದರು. ಅಪ್ಪ ಮಾತ್ರ, 'ಪೌಡರ್ ಬೀಳೋದ ನೀನ್ ನೋಡಿದ್ಯೇನ್ಲಾ?' ಎಂದರು. 'ನೋಡೋದೇನು ಅಪ್ಪಾ, ಅವಳು ಹೋದಳು, ಮಾಲು ಸರಿಹೋಯಿತು' ಎಂದೆ. 'ನೀನೂ ಅಲ್ಲಿಂದ ಬಂದ್ಯಲ್ಲ' ಎಂದು ಅಪ್ಪ ಎದ್ದು ಅಟ್ಟಕ್ಕೆ ಹೋದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ನಗುತ್ತಾ ಏಣಿ ಹತ್ತಿದೆ.

ಅಟ್ಟದ ಗವಾಕ್ಷಿಯಿಂದ ಬೆಳಿಗ್ಗೆಯ ಬಿಸಿಲು ಬೀಳುತ್ತಿತ್ತು. ಅಪ್ಪ ಒಂದು ಕಾಯಿಯ ಕರಟವನ್ನು ಮಚ್ಚಿನ ಬೆನ್ನಿನಿಂದ ತಟ್ಟಿ ತಟ್ಟಿ ಬಿಡಿಸಿ, ಕಂದು ಬಣ್ಣದ ಇಡೀ ಕೊಬ್ಬರಿಯನ್ನು ಅಂಗೈಯಲ್ಲಿಟ್ಟುಕೊಂಡು, ಹುಳ ಹಿಡಿದಿದೆಯೋ ಎಂದು ಅಭ್ಯಾಸದಂತೆ ಬಗ್ಗಿ ಹುಬ್ಬು ಗಂಟಿಕ್ಕಿ ನೋಡಿದರು. ಹುಬ್ಬು ಗಂಟಿಕ್ಕಿದಾಗ ಹಣೆಯ ವಿಭೂತಿ ಬಿರುಕು ಬಿಟ್ಟು ಒಂದಿಷ್ಟು ಬಿಳಿ ಪುಡಿ ಕೊಬ್ಬರಿಯ ಮೇಲೆ ಉದುರಿತು. ಅಪ್ಪ ಉಫ್ ಎಂದು ಊದಿ ಚೀಲಕ್ಕೆ ಹಾಕಿದರು. ಇನ್ನೊಂದನ್ನು ತೆಗೆದುಕೊಂಡರು. ಮತ್ತೆ ಬಗ್ಗಿದರು, ಮತ್ತೆ ಉದುರಿತು, ಮತ್ತೆ ಊದಿದರು. ಕೊಬ್ಬರಿಗೆ ಅದರಿಂದ ಏನೂ ಆಗುವುದಿಲ್ಲ. ನಾನು ಕೈಯೆತ್ತಿ ನನ್ನ ಹಣೆ ಮುಟ್ಟಿಕೊಂಡೆ. ಬೆರಳ ತುದಿಗೆ ಬಿಳಿ ಪುಡಿ ಹತ್ತಿತು. ಕಾಯಿಯ ರಾಶಿಯ ಮೇಲೆಯೇ ಕೂತೆ.

ಅಪ್ಪನಿಗೆ ಹೇಳಿದೆ. ಅಪ್ಪ ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಅಯ್ಯೋ ಶಿವನೇ, ಯಜಮಾನ ಬಗ್ಗಿ ಬಗ್ಗಿ ನೋಡಿ ಕೆಡಿಸ್ದ' ಎಂದರು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, 'ಆವಮ್ಮ ಈಗ ಏನ್ ಮಾಡ್ಕೊಂಡವ್ಳೆ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ. 'ಮಕ್ಳು ಅವ್ರಾ?' ಮೂರು ಎಂದೆ. 'ಹೋದೇಟ್ಗೆ ಅವ್ಳನ್ನ ಕರ್ಸು. ಎದುರ್ಗೆ ಕೂರ್ಸ್ಕೊಂಡು, ತಪ್ಪು ನಂದು ಕಣಮ್ಮ, ನಿಂದಲ್ಲ ಅಂತ ಬಾಯ್ಬಿಟ್ಟು ಹೇಳು. ವಿಭೂತಿ ಇಕ್ಕಂತೀಯೋ ಬುಡ್ತೀಯೋ, ಅದು ಶಿವಂಗೂ ನಿಂಗೂ ಬುಟ್ಟಿದ್ದು. ಇದು ಹಂಗಲ್ಲ ಕಣ್ಲಾ.' ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೋದೊಡನೆ ತೆರೆಸಾಳನ್ನು ಕರೆಸಿದ್ದು ನಿಜ. ಎದುರಿಗೆ ಕೂರಿಸಿಕೊಂಡದ್ದೂ ನಿಜ. ಬಾಯಿ ಬಿಟ್ಟೆ. ಬಾಯಿಂದ ಬಂದ ಮಾತು, 'ಗಾಳಿ ಸೋಸುವ ಫಿಲ್ಟರಿನಲ್ಲಿ ತೂತು ಇತ್ತಂತೆ ತೆರೆಸಾ, ಈಗ ಗೊತ್ತಾಯಿತು.' ಅವಳ ಕಣ್ಣು ತುಂಬಿತು. ನನ್ನ ಎರಡೂ ಕೈ ಹಿಡಿದುಕೊಂಡು, ಇಂಥ ಯಜಮಾನರನ್ನು ಕಂಡಿರಲಿಲ್ಲ ಎಂದಳು. ಪೀಟರನಿಗೂ ಫಿಲ್ಟರೇ ಎಂದೆ. ಅವನು ಫಿಲ್ಟರ್ ಕೊಟ್ಟವನಿಗೆ ಹಿಗ್ಗಾಮುಗ್ಗಾ ಬೈದು ಪತ್ರ ಬರೆದ. ಆ ಬಡಪಾಯಿ ಕ್ಷಮೆ ಕೇಳಿ ಹೊಸ ಫಿಲ್ಟರನ್ನು ಪುಕ್ಕಟೆಯಾಗಿ ಹಾಕಿಕೊಟ್ಟು ಹೋದ. ಮಾಡದ ತಪ್ಪಿಗೆ ಅವನು ಅಷ್ಟು ಸಲೀಸಾಗಿ ಕ್ಷಮೆ ಕೇಳಿದ್ದನ್ನು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಅಂದಿನಿಂದ ಕಾರ್ಖಾನೆಗೆ ಹೋಗುವಾಗ ಬರಿಹಣೆ. ಊರಿಗೆ ಬರುವಾಗ ಮಾತ್ರ, ಬೆಂಗಳೂರಿನಿಂದ ಹೊರಟ ರೈಲು ಗುಬ್ಬಿ ದಾಟಿದೊಡನೆ, ಚೀಲದಿಂದ ವಿಭೂತಿ ತೆಗೆದು, ಇಷ್ಟು ದಿನದ ಬಾಕಿಯೆಲ್ಲ ತೀರುವ ಹಾಗೆ ದಪ್ಪಗೆ ಬಳಿದುಕೊಳ್ಳುತ್ತೇನೆ. ಸನ್ಮಾನದ ಭಾಷಣಕಾರರು ನೋಡಿದ್ದು ಅದನ್ನು.

ಅಪ್ಪ ಅಣ್ಣನ ಕೈಯಲ್ಲಿ ಬರೆಸಿದ ಮೊದಲ ಕಾಗದದಲ್ಲಿ, ಮಳೆ ಬೆಳೆ ಸಮಾಚಾರವಾದ ಮೇಲೆ, ಕೊನೆಗೆ 'ಹೇಳ್ದ್ಯಾ?' ಎಂದಿತ್ತು. ಹೇಳಿದೆ, ಕ್ಷಮಿಸಿದಳು ಎಂದು ಬರೆದುಬಿಟ್ಟೆ. ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಮುಂದಿನ ಸಲ ಊರಿಗೆ ಹೋದಾಗ ತಾವೇ ಆರಿಸಿದ ಕೊಬ್ಬರಿಯ ಒಂದು ಚೀಲ ಕಟ್ಟಿ, 'ದೊಡ್ ಮನ್ಸು ಆವಮ್ಮಂದು. ಇದ ಕೊಟ್ಬುಡು' ಎಂದರು. ತಂದು ಕೊಟ್ಟೆ. ತೆರೆಸಾ ಒಂದನ್ನು ಕೈಗೆತ್ತಿಕೊಂಡು ಮೂಸಿ, 'ನಮ್ಮೂರ ತುಂಬ ಇದೇ ಸಾರ್, ನಮ್ಮಪ್ಪನೂ ಕೊಬ್ಬರಿ ಒಣಗಿಸುತ್ತಿದ್ದರು' ಎಂದು ಅತ್ತಳು. ನಿಮ್ಮ ತಂದೆಗೆ ಕಾಗದ ಬರೆಯಬೇಕು, ವಿಳಾಸ ಕೊಡಿ ಎಂದಳು. ಅಪ್ಪನಿಗೆ ಇಂಗ್ಲಿಷ್ ಬಾರದು ಎಂಬ ಧೈರ್ಯದಿಂದ ಕೊಟ್ಟೆ.

ಹೊನ್ನವಳ್ಳಿಯಲ್ಲಿ ಈಚೆಗೆ ತೆರೆದಿದ್ದ ಹೈಸ್ಕೂಲಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟರಿದ್ದಾರೆ ಎಂಬುದು ಮರೆತುಹೋಗಿತ್ತು. ಅವರು ಜಗಲಿಯ ಮೇಲೆ ಕೂತು ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದರಂತೆ: ನಿಮ್ಮ ಮಗ ಧರ್ಮಾತ್ಮರು, ಫಿಲ್ಟರು ಕೆಟ್ಟಿದ್ದೆಂದು ಗೊತ್ತಾದ ದಿನವೇ ನನ್ನನ್ನು ಕರೆಸಿಕೊಂಡರು, ಇಂಥ ಮಗನನ್ನು ಹೆತ್ತ ನೀವು ಪುಣ್ಯವಂತರು. ಅಪ್ಪ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಅಟ್ಟದಲ್ಲಿ ಕೆಲಸವಿದೆ ಎಂದು ಎದ್ದು ಹೋದರು ಎಂದು ಅಣ್ಣ ಬರೆದಿದ್ದ. ಅಪ್ಪ ನನ್ನನ್ನು ಬೈಯಲಿಲ್ಲ. ಆಮೇಲೆ ಬಂದ ಕಾಗದಗಳಲ್ಲಿ ಮಳೆ, ಬೆಳೆ, ತಂಗಿಯ ಬಾಣಂತನ ಎಲ್ಲ ಇರುತ್ತಿತ್ತು. ಕೊನೆಯ ಆ ಒಂದು ಪ್ರಶ್ನೆ ಇರುತ್ತಿರಲಿಲ್ಲ.

ಮೊನ್ನೆ ಮೂರನೆಯ ಸನ್ಮಾನದಲ್ಲಿ ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದರು. ವಿಭೂತಿಯ ಮಾತು ಬಂದಾಗ ಜನರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪ ತಮ್ಮ ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡೇ ಇದ್ದರು. ಬಸ್ಸಿನಲ್ಲಿ ಊರಿಗೆ ಮರಳುವಾಗ ಶಾಲು ಮಡಿಲಲ್ಲಿಟ್ಟುಕೊಂಡು ನಾನೇ ಮಾತು ತೆಗೆದೆ. 'ಅಪ್ಪಾ, ತಪ್ಪಾಯಿತು. ಇನ್ನು ಮುಚ್ಚಿಡುವುದಿಲ್ಲ. ಎಲ್ಲ ಬರೆದು ಪತ್ರಿಕೆಗೆ ಕೊಡುತ್ತೇನೆ. ಹತ್ತು ಜನ ಓದಲಿ.' ಅಪ್ಪನ ಮುಖ ಅರಳಿತು. ಎಷ್ಟೋ ವರ್ಷದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದರು. ಎರಡು ದಿನ ಕೂತು, ಏನನ್ನೂ ಬಿಡದೆ, ನನಗೆ ನಾನೇ ಉಗಿದುಕೊಂಡು ಇದಿಷ್ಟನ್ನೂ ಬರೆದು, ಜಗಲಿಯ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಕೊನೆಯವರೆಗೂ ಕಣ್ಣು ಮುಚ್ಚಿಕೊಂಡು ಕೇಳಿದರು. ಫಿಲ್ಟರಿನವನ ಜಾಗದಲ್ಲಿ ನಕ್ಕರು. ನಾನು ಹಾಳೆಗಳನ್ನು ಜೋಡಿಸಿಕೊಳ್ಳುತ್ತಾ, ಈಗ ಮನಸ್ಸು ಎಷ್ಟು ಹಗುರವಾಯಿತು ಅಪ್ಪಾ, ಎಂದೆ.

'ಚೆನ್ನಾಗ್ ಬರ್ದಿದ್ದೀಯ ಕಣ್ಲಾ' ಎಂದರು ಅಪ್ಪ. 'ಆವಮ್ಮಂಗೆ ಕನ್ನಡ ಬತ್ತದಾ?'

ಬರುವುದಿಲ್ಲ. ಬರೆಯಲು ಕೂತಾಗಲೇ ಅದು ನನಗೆ ಗೊತ್ತಿತ್ತು.