ನನ್ನ ದೆವ್ವಕ್ಕೆ ನಾನೇ ಮೀಸೆ ಅಂಟಿಸಿದ್ದು

ಬರವಣಿಗೆಯ ವಿಷಯದಲ್ಲಿ ನನ್ನಿಂದ ತಪ್ಪಾಗುವುದು ಅಪರೂಪ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಯಂತ್ರಗಳ ಕೈಪಿಡಿ ಬರೆಯುತ್ತಿದ್ದೇನೆ. "ಹಸಿರು ಗುಂಡಿ ಒತ್ತಿ. ಕೆಂಪು ಗುಂಡಿ ಒತ್ತಬೇಡಿ." ಇದುವರೆಗೆ ನನ್ನ ಕೈಪಿಡಿ ಓದಿ ಯಾರೂ ಕೈ ಕಳೆದುಕೊಂಡಿಲ್ಲ. ಬಹುಶಃ ಯಾರೂ ಓದಿಯೂ ಇಲ್ಲ.

ನಮ್ಮ ಮನೆ ಇರುವುದು ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ. ಇರುವವರು ಮೂವರು: ನಾನು, ಗಂಡ ಬಸವರಾಜ, ದಾವಣಗೆರೆಯ ನನ್ನ ಅತ್ತೆ. ಅವರಿಬ್ಬರಿಗೂ ಗೊತ್ತಿಲ್ಲದ ನಾಲ್ಕನೆಯ ವ್ಯಕ್ತಿಯೊಬ್ಬ ಆ ಮನೆಯಲ್ಲಿದ್ದ. ಹೆಸರು ಪ್ರಳಯರುದ್ರ. ಅದು ನಾನೇ!

ಮೂರು ವರ್ಷದ ಹಿಂದೆ, ಗುಂಡಿ ಒತ್ತಿ ಒತ್ತಿ ಬೇಜಾರಾಗಿ, ಮೊಬೈಲಿನ ಒಂದು ಕಥೆಗಳ ಆ್ಯಪ್‌ನಲ್ಲಿ ಆ ಹೆಸರಿಟ್ಟುಕೊಂಡು ದೆವ್ವದ ಧಾರಾವಾಹಿ ಶುರು ಮಾಡಿದೆ. 'ಶೆಡ್ ನಂಬರ್ ಹದಿನೇಳು'. ಕಥೆ ನಡೆಯುವುದು ಪೀಣ್ಯದ ಕಾರ್ಖಾನೆಯೊಂದರಲ್ಲಿ. ಬಾಗಲಗುಂಟೆಯ ಚಂದ್ರಿ ಅಲ್ಲಿ ಲೇತ್ ಮೆಷಿನ್ ನಡೆಸುವವಳು. ಮಂದಾಕಿನಿ ಅದೇ ಶೆಡ್ಡಿನಲ್ಲಿ ಎಂದೋ ಸತ್ತವಳು. ಕರೆಂಟು ಹೋದಾಗ ಮಾತ್ರ ಬರುತ್ತಾಳೆ. ಮೊದಲ ಹದಿನೈದು ಕಂತು ಚಂದ್ರಿ ಗಡಗಡ ನಡುಗುತ್ತಾಳೆ. ಹದಿನಾರನೇ ಕಂತಿನಲ್ಲಿ ತಾನೇ ಹೋಗಿ ಫ್ಯೂಸ್ ಕೀಳುತ್ತಾಳೆ! ಅವರಿಬ್ಬರ ನಡುವೆ ಪ್ರೀತಿ ಹುಟ್ಟಿತ್ತು. ಬರೆಯುತ್ತಾ ಬರೆಯುತ್ತಾ ನನಗೂ ಆ ಇಬ್ಬರು ಹುಡುಗಿಯರ ಮೇಲೆ ಮನೆಮಕ್ಕಳಷ್ಟೇ ಪ್ರೀತಿ ಬಂದುಬಿಟ್ಟಿತ್ತು.

ಕಥೆ ಓಡಿತು. ಆಡಿಯೋ ಸರಣಿಯಾಯಿತು. ಫ್ಯೂಸ್ ಕೀಳುವ 'ಟಕ್' ಎಂಬ ಸದ್ದಿಗೇ ಅಭಿಮಾನಿಗಳು ಹುಟ್ಟಿಕೊಂಡರು. ಆಮೇಲೆ ವೆಬ್ ಸೀರೀಸ್ ಮಾಡುವವರೊಬ್ಬರು ಇಮೇಲ್ ಕಳಿಸಿದರು: "ಸಾರ್, ಇಬ್ಬರಲ್ಲಿ ಒಬ್ಬಳನ್ನ ಗಂಡಸು ಮಾಡಿಬಿಟ್ರೆ ಫ್ಯಾಮಿಲಿ ಆಡಿಯನ್ಸ್ ಬರ್ತಾರೆ." ಪ್ರಳಯರುದ್ರ ಕೆರಳಿದ! "ಮಂದಾಕಿನಿ ಹೆಣ್ಣಾಗಿಯೇ ಸತ್ತಿದ್ದಾಳೆ, ಹೆಣ್ಣಾಗಿಯೇ ಬರುತ್ತಾಳೆ. ನಮಸ್ಕಾರ" ಎಂದು ಉತ್ತರ ಬರೆದು ಬಿಸಾಕಿದ. ಅವತ್ತಿನ ಹೆಮ್ಮೆಯಲ್ಲಿ ನಾನು ಆಫೀಸ್ ಕ್ಯಾಂಟೀನಿನಲ್ಲಿ ಎರಡು ಮದ್ದೂರು ವಡೆ ತಿಂದೆ.

ಇಷ್ಟೆಲ್ಲ ಶೌರ್ಯ ಇಮೇಲಿನಲ್ಲಿ. ಮನೆಯಲ್ಲಿ ಮಾತ್ರ ಎದೆ ಸದಾ ಢವಢವ. ನಮ್ಮ ಅತ್ತೆ ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದವರು. ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಪ್ರವಚನ ಕೇಳುತ್ತಾ, ಹೂಬತ್ತಿ ಮಾಡುತ್ತಾ ಕೂರುವವರು. ಸೊಸೆ ಇಂಥದ್ದು ಬರೆಯುತ್ತಾಳೆಂದು ಗೊತ್ತಾದರೆ ಅವತ್ತೇ ಬ್ಯಾಗ್ ತುಂಬಿಕೊಂಡು ದಾವಣಗೆರೆ ಬಸ್ಸು ಹತ್ತುತ್ತಾರೆ, ಮತ್ತೆ ನನ್ನ ಮುಖ ನೋಡುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ನನಗೆ ತಾಯಿ ಇಲ್ಲ. ಭಾನುವಾರ ಹಿಡಿದು ಕೂರಿಸಿ ತಲೆಗೆ ಎಣ್ಣೆ ತಟ್ಟುವ ಜೀವ ಅದೊಂದೇ. ಅದನ್ನು ಕಳೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಹೀಗಿರುವಾಗ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಸಭೆ ಬಂತು. ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಮುನಿರತ್ನಮ್ಮ. ಈ ಕಟ್ಟಡ ನಿಂತಿರುವುದೇ ಅವರ ಮಾವನ ರಾಗಿ ಹೊಲದ ಮೇಲೆ. ಹಾಗಾಗಿ ಇಲ್ಲಿ ಅವರು ಆಡಿದ್ದೇ ಮಾತು.

"ಈ ಸಲ ಡ್ಯಾನ್ಸು ಗೀನ್ಸು ಬ್ಯಾಡ ಕಣ್ರಮ್ಮಾ. ದೆವ್ವದ್ ನಾಟ್ಕ ಆಡಾನ. ಅದೇ, ಸೆಡ್ ನಂಬರ್ ಅದಿನೇಳು! ಎಲ್ರೂ ಕೇಳ್ತಾವ್ರೆ. ಚಂದ್ರಿ ಪಾರ್ಟು ನಂದು!"

ನನ್ನ ಕೈಯಲ್ಲಿದ್ದ ಕಾಫಿ ಅರ್ಧ ಸೀರೆ ಮೇಲೆ, ಅರ್ಧ ಪಕ್ಕದವರ ಸೀರೆ ಮೇಲೆ ಬಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ಕುಳಿತು ಈ ನಾಟಕ ನೋಡುತ್ತಾರೆ! ಕಥೆಗಾರ ಯಾರೆಂದು ಯಾರಾದರೂ ಹುಡುಕುತ್ತಾರೆ! ನನ್ನ ಕಲ್ಪನೆಯಲ್ಲಿ ದಾವಣಗೆರೆ ಬಸ್ಸು ಆಗಲೇ ತುಮಕೂರು ದಾಟಿತ್ತು.

"ಅಲ್ಲ ಮುನಿರತ್ನಮ್ಮಾ, ಅದು ಇಬ್ಬರು ಹೆಂಗಸರ ಕಥೆ ಅಲ್ವಾ... ಹಿರಿಯರೆಲ್ಲ ಬರ್ತಾರೆ..."

"ಅದಕ್ಕೇನೀಗ? ನಾನೂ ಇರೀಕಳೇ ಅಲ್ವಾ?"

"ನಾಟಕ ನಾನು ಬರ್ಕೊಡ್ತೀನಿ!" ಎಂದು ಕೂಗಿಬಿಟ್ಟೆ. ಲೆಕ್ಕಾಚಾರ ಸರಳವಾಗಿತ್ತು. ಬರೆಯುವ ಕೈ ನನ್ನದಾದರೆ, ಅತ್ತೆಗೆ ನೋವಾಗುವಂಥದ್ದನ್ನೆಲ್ಲ ಸದ್ದಿಲ್ಲದೆ ತೆಗೆದುಹಾಕಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂದು ಸಂಜೆ ಲ್ಯಾಪ್‌ಟಾಪ್ ಮುಂದೆ ಕುಳಿತು ನಾನು ಮಾಡಿದ ಘನಕಾರ್ಯವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮಂದಾಕಿನಿಯನ್ನು ಮೋಹನ ಮಾಡಿದೆ. ಕೈಪಿಡಿ ಬರೆಯುವವರಿಗೆ ಒಂದು ಚಾಳಿಯಿದೆ: ಮಾಡೆಲ್ ಬದಲಾದರೆ ಇಡೀ ಪುಸ್ತಕ ತಿದ್ದುವುದಿಲ್ಲ, ಹಳೆಯ ಹೆಸರು ಹುಡುಕಿ ಹೊಸ ಹೆಸರು ಹಾಕು ಎಂದು ಕಂಪ್ಯೂಟರಿಗೆ ಹೇಳಿ ಟೀ ಕುಡಿಯಲು ಹೋಗುತ್ತೇವೆ. ನಾನೂ ಹಾಗೇ ಮಾಡಿದೆ. ಇನ್ನು 'ಬಂದಳು' ಎಂಬುದನ್ನೆಲ್ಲ 'ಬಂದ' ಮಾಡಿದರೆ ಮುಗಿಯಿತು ಎಂದುಕೊಂಡೆ. ಮೂರು ವರ್ಷ ಸಾಕಿದ ಹುಡುಗಿ ಹತ್ತು ನಿಮಿಷದಲ್ಲಿ ಮಾಯವಾದಳು. ಅಳು ಬಂತು. ಆದರೂ ಪ್ರಿಂಟ್ ಕೊಟ್ಟೆ.

ಮೊದಲ ದಿನದ ರಿಹರ್ಸಲ್‌ನಲ್ಲೇ ಮುನಿರತ್ನಮ್ಮ ಹಾಳೆಯಿಂದ ತಲೆಯೆತ್ತಿದರು.

"ಸೈಲಾ, ಇದೇನಮ್ಮೀ? ಮೋಹನ ಜಡೆ ಬಿಚ್ಕೊಂಡು ಮಲ್ಗೆ ಊವ ಮುಡ್ಕಂಡು ನಿಂತವ್ನಂತೆ?"

"ಅದು... ದೆವ್ವ ಅಲ್ವಾ ಮುನಿರತ್ನಮ್ಮಾ. ದೆವ್ವಗಳಿಗೆ ಅದೆಲ್ಲ ಇರುತ್ತೆ."

"ಮುಂದಿನ್ ಪುಟದಾಗೆ ಸೆರಗು ಬೇರೆ ಸೊಂಟುಕ್ ಸಿಗ್ಸ್ಕಂಡವ್ನೆ!"

ನಾನು ಸೆರಗು ತೆಗೆದು ಟವೆಲ್ ಹಾಕಿದೆ. ಮಲ್ಲಿಗೆ ತೆಗೆದು ಬೀಡಿ ಕೊಟ್ಟೆ. ಪ್ರತಿ ತಿದ್ದುಪಡಿಗೂ ನನ್ನ ಕಥೆ ಒಂದೊಂದು ಇಂಚು ಸಾಯುತ್ತಿತ್ತು.

ನಿಜವಾದ ಸಂಕಷ್ಟ ಆಮೇಲೆ ಶುರುವಾಯಿತು. ಮೋಹನನ ಪಾರ್ಟಿಗೆ ಗಂಡಸು ಬೇಕಲ್ಲ! ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಂಡಸರಿಗೆ ಬರವಿಲ್ಲ. ಆದರೆ ಎಲ್ಲರೂ ಸದಾ ಆಫೀಸಿನ ಕಾಲ್‌ನಲ್ಲಿರುತ್ತಾರೆ. ಮೊದಲಿಗೆ ನನ್ನ ಗಂಡನನ್ನೇ ಎಳೆದು ತಂದೆ. ಒಂದು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೇ ಬಂದ. ಮುನಿರತ್ನಮ್ಮ ಕಣ್ಣೀರು ತುಂಬಿಕೊಂಡು, "ಮೋಹನಾ, ಕರೆಂಟ್ ಬಂದ್ರೆ ನೀನ್ ಒಂಟೋಗ್ತೀಯಾ?" ಎಂದು ಕೇಳಿದರೆ, ಇವನು ಕೈಯೆತ್ತಿ ತಡೆದು, "ಸ್ವಲ್ಪ ಇರಿ, ನಾನು ಮ್ಯೂಟ್‌ನಲ್ಲಿದ್ದೆ" ಎಂದ!

ಆಮೇಲೆ ಬಂದ ಇಬ್ಬರಿಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಇತ್ತು. ಇನ್ನೊಬ್ಬರು ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲೇ ಮೂರು ರಿಹರ್ಸಲ್ ಕಳೆದರು. ನಾಟಕಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಬಿ ಬ್ಲಾಕಿನ ರೇಖಾ ಎದ್ದು ನಿಂತಳು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ಎತ್ತರದ ಹುಡುಗಿ.

"ಮೇಡಂ, ಆ ಮೀಸೆ ಇಲ್ಲಿ ಕೊಡಿ. ನಾನೇ ಮೋಹನ."

ಅಂದರೆ ನಾನು ಸಾಧಿಸಿದ್ದೇನು? ಇಬ್ಬರು ಹೆಂಗಸರ ಪ್ರೇಮಕಥೆ ಎಂದು ಹೆದರಿ ಒಬ್ಬಳನ್ನು ಗಂಡಸು ಮಾಡಿದೆ. ಆ ಗಂಡಸಿನ ಪಾರ್ಟನ್ನು ಈಗ ಹೆಂಗಸೊಬ್ಬಳು ಮಾಡುತ್ತಿದ್ದಾಳೆ. ಮಧ್ಯದಲ್ಲಿ ಉಳಿದದ್ದು ಒಂದು ಮೀಸೆ! ನನ್ನ ಸಂಸಾರದ ಶಾಂತಿ ಆ ಮೀಸೆಯ ಅಂಟಿನ ಮೇಲೆ ನಿಂತಿತ್ತು. ನಾಟಕದ ದಿನ ನಾನೇ ಗ್ರೀನ್ ರೂಮಿಗೆ ಹೋಗಿ ಮೂರು ಸಲ ಒತ್ತಿ ನೋಡಿದೆ. ನಾಲ್ಕನೇ ಸಲ ರೇಖಾ ಸಿಡುಕಿದಳು. "ಮೇಡಂ, ನೀವು ಒತ್ತಿ ಒತ್ತಿನೇ ಇದು ಸಡಿಲ ಆಗ್ತಿದೆ!"

ಸಂಜೆ ಆರಕ್ಕೆ ಕ್ಲಬ್‌ಹೌಸ್ ತುಂಬಿತು. ಅತ್ತೆ ಇಳಕಲ್ ಸೀರೆಯುಟ್ಟು ಮೊದಲ ಸಾಲಿನ ನಡುವಿನಲ್ಲೇ ಕುಳಿತರು. "ರಂಗರೂಪ, ಶ್ರೀಮತಿ ಶೈಲಜಾ ಬಸವರಾಜ್!" ಎಂದು ಮೈಕಿನಲ್ಲಿ ಕೂಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ನಾನು ಪಕ್ಕದ ಪರದೆಯ ಹಿಂದೆ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲ ದೃಶ್ಯ ನಗುನಗುತ್ತಾ ನೋಡಿದರು. ಮೋಹನ ರಂಗಕ್ಕೆ ಬಂದ. ಅತ್ತೆಯ ಹುಬ್ಬು ಗಂಟಾಯಿತು. ಮೋಹನ ಬೀಡಿ ಹಚ್ಚಿದ. ಅತ್ತೆ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ನನ್ನ ಅಂಗೈ ಬೆವರಿ, ಹಿಡಿದಿದ್ದ ಹಾಳೆ ಒದ್ದೆಯಾಯಿತು.

ಕೊನೆಯ ದೃಶ್ಯದಲ್ಲಿ ಚಂದ್ರಿ ಫ್ಯೂಸ್ ಕೀಳಬೇಕು. ಲೈಟ್ ಆರಬೇಕು, ಚಂದ್ರಿ ಮೋಹನನ ಕೈ ಹಿಡಿಯಬೇಕು, ಲೈಟ್ ಬರಬೇಕು. ಮುನಿರತ್ನಮ್ಮ ರಟ್ಟಿನ ಫ್ಯೂಸಿಗೆ ಕೈ ಹಾಕಿದರು. ಅದೇ ಕ್ಷಣಕ್ಕೆ ಕುಂದಲಹಳ್ಳಿಯ ಕರೆಂಟು ನಿಜವಾಗಿಯೇ ಹೋಯಿತು! ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯಿತು. ಗಾಬರಿಯಾದ ಮುನಿರತ್ನಮ್ಮ ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡರು. ಹತ್ತು ಸೆಕೆಂಡಿಗೆ ಜನರೇಟರ್ ಶುರುವಾಗಿ ಲೈಟ್ ಬಂತು. ರಂಗದ ಮೇಲೆ ಚಂದ್ರಿಯ ತೋಳಿನಲ್ಲಿ ನಿಂತಿದ್ದವನಿಗೆ ಮೀಸೆ ಇರಲಿಲ್ಲ. ಟೋಪಿ ಬಿದ್ದು ರೇಖಾಳ ಉದ್ದನೆಯ ಜಡೆ ಸೊಂಟದವರೆಗೆ ಇಳಿದಿತ್ತು. ಮೀಸೆ ಮುನಿರತ್ನಮ್ಮನ ಕೆನ್ನೆಗೆ ಅಂಟಿತ್ತು!

ನನಗೆ ಕಾಲಡಿಯ ನೆಲ ಬಾಯಿಬಿಡಬಾರದೇ ಅನಿಸಿತು. ಆಗ ಮೊದಲ ಸಾಲಿನಲ್ಲಿ ಅತ್ತೆ ಎದ್ದು ನಿಂತರು.

"ಹಾಂ! ಈಗ ಸರಿಯಾತು ನೋಡು! ಅಕಿ ಮಂದಾಕಿನಿ! ಮೋಹನ ಅಂತೆ ಮೋಹನ! ಇಷ್ಟೊತ್ತು ಯಾವನವ್ವ ಇವನು ಬೀಡಿ ಸೇದಾವ ಅಂತ ತಲೆ ಕೆಟ್ಟಿತ್ತು ನಂಗೆ!"

ಇಡೀ ಸಭೆ ಹೋ ಎಂದು ಚಪ್ಪಾಳೆ ತಟ್ಟಿತು. ಮುನಿರತ್ನಮ್ಮ ಮೀಸೆ ಸಮೇತ ಕೈ ಮುಗಿದರು. ನಾನು ಪರದೆಯ ಹಿಂದಿನಿಂದ ಹೊರಬಂದು, ತೊದಲುತ್ತಾ ಕೇಳಿದೆ.

"ಅತ್ತೆ, ನೀವು... ಈ ಕಥೆ ಕೇಳಿದೀರಾ?"

"ಕೇಳದೇನು? ಎಲ್ಲಾ ಕಂತೂ ಎರಡೆರಡು ಸಲ ಕೇಳೀನಿ. ಮಧ್ಯಾಹ್ನ ಬತ್ತಿ ಮಾಡ್ತಾ ಮತ್ತೇನು ಕೇಳ್ತೀನಿ ಅಂತ ತಿಳ್ಕಂಡಿದ್ದೆ? ಮುನಿರತ್ನಮ್ಮಂಗೆ ಈ ಕತೆ ಹೇಳಿದ್ದೂ ನಾನೇ."

ಮನೆಗೆ ನಡೆದು ಬರುವಾಗ ಅವರ ದನಿ ಸಣ್ಣದಾಯಿತು. "ನಮ್ಮ ಓಣಿಯಾಗೆ ಇಬ್ಬರು ಟೀಚರ್ ಇದ್ರವ್ವಾ. ಮೂವತ್ತು ವರ್ಷ ಒಂದೇ ಮನೆ, ಒಂದೇ ಒಲೆ. ಜನ ಏನೇನೋ ಆಡ್ಕಂಡ್ರು. ಒಬ್ಬಾಕಿ ಹೋದ ಮೇಲೆ ಇನ್ನೊಬ್ಬಾಕಿ ಊಟಕ್ಕೆ ಕುಂತ್ರೆ ಎರಡು ತಟ್ಟೆ ಹಾಕಾಕಿ. ನಾನು ಕಣ್ಣಾರೆ ನೋಡೀನಿ. ಆ ಪ್ರಳಯಪ್ಪನ ಕತೆ ಕೇಳಿದಾಗ ಆಕಿನೇ ಕಣ್ಮುಂದೆ ಬಂದ್ಲು. ಅಂಥಾದನ್ನ ತಗಂಡು ಹಿಂಗೆ ಹಾಳ್ಮಾಡ್ತಾರೇನವ್ವಾ?"

ಮೂರು ವರ್ಷ ಯಾರಿಗೆ ಹೆದರಿ ಬಚ್ಚಿಟ್ಟುಕೊಂಡು ಬರೆದೆನೋ, ಅವರೇ ನನ್ನನ್ನು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡಿದ್ದರು. ಇನ್ನು ಮುಚ್ಚಿಡುವುದು ಪಾಪ ಎನಿಸಿತು. ಮನೆ ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ಹೇಳಿಬಿಟ್ಟೆ.

"ಅತ್ತೆ, ಆ ಪ್ರಳಯರುದ್ರ ಬೇರೆ ಯಾರೂ ಅಲ್ಲ. ನಾನೇ!"

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಬಸ್ಯಾ, ಬಾರೋ ಇಲ್ಲಿ! ಇಕಿ ಏನಂತಾಳೆ ಕೇಳು!"

ನಾನು ಮೊಬೈಲ್ ತೆಗೆದು ಖಾತೆ ತೋರಿಸಿದೆ. ಗಂಡ ಬಗ್ಗಿ ನೋಡಿ, "ಫ್ಯಾನ್ ಅಕೌಂಟಾ ಶೈಲೂ?" ಎಂದ. ಇನ್ನೂ ಯಾರೂ ಕೇಳದ ಮುಂದಿನ ಕಂತಿನ ಕಥೆ ಹೇಳಿದೆ. "ಇದೂ ನೀನು ಕೆಡಿಸಿದ ನಾಟಕದ ಹಂಗೇ ಐತಿ" ಎಂದರು ಅತ್ತೆ. ಕೊನೆಗೆ ನನಗೆ ಕಣ್ಣಲ್ಲಿ ನೀರೇ ಬಂತು. ಅವರು ಕರಗಿ, ತಲೆ ಸವರಿ ಸಮಾಧಾನ ಮಾಡಿದರು.

"ಅಳಬ್ಯಾಡ. ನೀನು ಬಾಳ ಒಳ್ಳೆಯಾಕಿ. ಆದ್ರೆ ಅಂಥಾ ಕತೆ ಬರೆಯಾಕೆ ಗುಂಡಿಗೆ ಬೇಕವ್ವಾ. ತಗಾ, ಆ ಮನುಷ್ಯಂಗೆ ನಾಕು ಸಾಲು ಬರಿ, ನಾ ಹೇಳ್ತೀನಿ. ನಮ್ಮ ಸೊಸೆ ತಿಳಿಲಾರದೆ ನಿಮ್ಮ ಕತೆ ಕೆಡಿಸ್ಯಾಳೆ, ಹೊಟ್ಟೆಗೆ ಹಾಕ್ಕಳ್ಳಿ ಅಂತ."

ಅವರ ಮೊಬೈಲಿನಲ್ಲಿ ನಾನೇ ಬರೆದು ಕಳಿಸಿದೆ. ನಂತರ ಒಳಕೋಣೆಗೆ ಹೋಗಿ, ಪ್ರಳಯರುದ್ರನಾಗಿ ಕುಳಿತು ಉತ್ತರವನ್ನೂ ಬರೆದೆ: "ತಾಯಿ, ನಿಮ್ಮ ಸೊಸೆಯನ್ನು ಮನಸಾರೆ ಕ್ಷಮಿಸಿದ್ದೇನೆ."

ಹಾಲ್‌ನಲ್ಲಿ ಅತ್ತೆ ಅದನ್ನು ಗಟ್ಟಿಯಾಗಿ ಓದಿ, ಗಂಡನಿಗೆ ತೋರಿಸಿ, ಕೋಣೆಯ ಬಾಗಿಲಿಗೆ ಬಂದರು.

"ನೋಡವ್ವಾ, ಎಂಥಾ ದೊಡ್ಡ ಮನಸ್ಸು! ಇಂಥಾವರನ್ನ ನೋಡಿ ಒಂಚೂರು ಕಲಿ."

ಕಲಿಯುತ್ತೇನೆ ಅತ್ತೆ, ಎಂದೆ.