ಬಾಗಿಲಿಲ್ಲದ ಗಾಡಿಗೆ ವೈರಿಂಗ್

ನಮ್ಮ ಭಾವನಿಗೆ ಹುಚ್ಚಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಒಂದೇ ಷರತ್ತು: ಆಗ ಅವರು ನನ್ನ ಪಕ್ಕದಲ್ಲಿ ನಿಂತಿರಬಾರದು! ನಿಂತಿದ್ದರೆ ದೇವರ ಹಿಂದಿನ ದೀಪದ ಸರವನ್ನು ಎಳೆದು ನೋಡಿ, "ಇದಕ್ಕ ಅರ್ತಿಂಗ್ ಕೊಟ್ಟೀರೇನ್ರಿ?" ಎಂದು ಅರ್ಚಕರನ್ನು ವಿಚಾರಿಸಿಕೊಳ್ಳುತ್ತಾರೆ. ಆಮೇಲೆ ನನ್ನ ಪ್ರಮಾಣವನ್ನು ನಂಬುವವರು ಯಾರು?

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಟ್ಟೂರು ಹುಬ್ಬಳ್ಳಿ, ಈಗ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ ಮನೆ. ಹೊಟ್ಟೆಪಾಡಿಗೆ ಡೇಟಾಬೇಸು, ಆತ್ಮತೃಪ್ತಿಗೆ ಸ್ಕ್ರೂಡ್ರೈವರು. ನಾನು ಆಸ್ಟಿನ್ನಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಮಾಡಿದ್ದನ್ನು ಕೆಡಿಸಿ ತೋರಿಸಿದರೆ ನನಗೆ ಸಂಬಳ. ಆ ಒಂದು ಅರ್ಹತೆಯ ಮೇಲೆ ಭಾವ ನನ್ನನ್ನು ಈ ಪ್ರಕರಣದೊಳಗೆ ಎಳೆದರು. ಎಷ್ಟೋ ದಿನವಾಯಿತು, ಆದರೆ ಈಗಲೂ ರಸ್ತೆಯಲ್ಲಿ ಯಾರಾದರೂ ಗಟ್ಟಿಯಾಗಿ ಬ್ರೇಕ್ ಹಾಕಿದರೆ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ!

ಮೊದಲು ಅಕ್ಕನ ವಿಷಯ ಹೇಳಬೇಕು. ಆ ವರ್ಷದ ಫೆಬ್ರವರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಡಲ್ಲಸ್ ಹತ್ತಿರದ ಸೌತ್‌ಲೇಕಿಗೆ ನಾಮಕರಣವೊಂದಕ್ಕೆ ಹೋಗಿದ್ದರು. ವಾಪಸಾಗುವಾಗ ರಸ್ತೆಯೆಲ್ಲ ಮಂಜುಗಡ್ಡೆ. ಕಾರು ಬುಗುರಿಯಂತೆ ಸುತ್ತಿ ಮಗ್ಗುಲಾಯಿತು. ಇಬ್ಬರಿಗೂ ಒಂದು ಗೀರು ಸಹ ಆಗಲಿಲ್ಲ. ಆದರೆ ಬಾಗಿಲುಗಳು ಸಿಕ್ಕಿಹಾಕಿಕೊಂಡವು. ಅಗ್ನಿಶಾಮಕದವರು ಬಂದು ತಗಡು ಕತ್ತರಿಸುವ ತನಕ ಅಕ್ಕ ಒಳಗೇ ಇದ್ದಳು. ಅಂದಿನಿಂದ ಕಾರಿನ ಬಾಗಿಲು 'ಧಪ್' ಎಂದರೆ ಸಾಕು, ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಹ್ಯೂಸ್ಟನ್ನಿಗೆ ಮರಳಿದ್ದು ದೊಡ್ಡ ಬಸ್ಸಿನಲ್ಲಿ, ಬಾಗಿಲ ಪಕ್ಕದ ಸೀಟಿನಲ್ಲಿ. ಮೊದಲೆಲ್ಲ ತಾನೇ ಕಾರು ಓಡಿಸುತ್ತಿದ್ದವಳು, ಭಾವ ಬೇರೆ ಕಾರು ಕೊಂಡ ಮೇಲೂ ಬಡಾವಣೆ ಬಿಟ್ಟು ಹೊರಗೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಸೈಪ್ರೆಸ್‌ನಲ್ಲಿ ಆಟೋ ಇದೆಯೇ, ಮೂಲೆಯಂಗಡಿ ಇದೆಯೇ? ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಕಾರು ಹತ್ತಬೇಕು. ಡಾಕ್ಟರ ಸಲಹೆ ಫೋನಿನಲ್ಲಿ ನಡೆಯುತ್ತಿತ್ತು. ಎಂಟು ತಿಂಗಳಲ್ಲಿ ಅಕ್ಕ ನೋಡಿದ ಜಗತ್ತೆಂದರೆ ಬಡಾವಣೆಯ ಕೆರೆ ಮತ್ತು ಅದರ ಬಾತುಕೋಳಿಗಳು.

ಎಲ್ಲರೂ ಅಯ್ಯೋ ಪಾಪ ಎಂದರು. ಭಾವ ಮಾತ್ರ ಯೋಚಿಸಿದರು.

"ತೊಂದರಿ ಅಕಿದಲ್ಲ, ಬಾಗಿಲದ್ದು! ಬಾಗಲಾನ ಇಲ್ಲದ ಗಾಡಿ ತಂದರ ಆತಿಲ್ಲೊ?"

ಇದು ಕೇಳುವುದಕ್ಕೆ ಎಷ್ಟು ಸರಿಯಾಗಿದೆ ಅಲ್ಲವೇ? ಅಪಾಯ ಇರುವುದೇ ಅಲ್ಲಿ! ಅವರ ಮಾತು ಮೊದಲ ವಾಕ್ಯದಲ್ಲಿ ಯಾವಾಗಲೂ ಸರಿಯಾಗಿರುತ್ತದೆ.

ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನಾಚೆ ಒಬ್ಬ ರೈತನ ಶೆಡ್ಡಿನಿಂದ ಟ್ರೇಲರ್ ಮೇಲೆ ಅದು ಬಂತು. ಡೂನ್ ಬಗ್ಗಿ! ಹಳೆಯ ಜರ್ಮನ್ ಕಾರೊಂದರ ತಳ ಮತ್ತು ಇಂಜಿನ್ನಿನ ಮೇಲೆ ಕಿತ್ತಳೆ ಬಣ್ಣದ ಫೈಬರ್ ಸ್ನಾನದ ತೊಟ್ಟಿ ಕೂರಿಸಿದರೆ ಹೇಗಿರುತ್ತದೋ ಹಾಗಿತ್ತು. ಮುಂದೆ ಒಂದು ಗಾಜು. ಮೇಲೆ ಆಕಾಶ. ಇಂಜಿನ್ನು ಹಿಂದೆ, ಪೆಟ್ರೋಲ್ ಟ್ಯಾಂಕು ಮುಂದೆ, ಪಕ್ಕದಲ್ಲಿ ಕೂತವರ ಮೊಣಕಾಲಿಗೆ ತಾಗುವಂತೆ.

"ಮರಳ ದಿಬ್ಬದ ಮ್ಯಾಲೆ ಓಡಸೂ ಗಾಡಿ ಇದು," ಎಂದರು ಭಾವ ಹೆಮ್ಮೆಯಿಂದ.

ಅಕ್ಕ ವರಾಂಡದ ಕಂಬಕ್ಕೆ ಒರಗಿ ನೋಡಿದಳು. "ಇಲ್ಲಿ ಮರಳೆಲ್ಲಿದೆ ರೀ? ಮರುಳು ಮಾತ್ರ ಇದೆ."

"ನೀ ಒಮ್ಮೆ ಹತ್ತಿ ನೋಡು!"

"ನಾನು ಹತ್ತಲ್ಲ. ಇದಕ್ಕೆ ಒಂದು ಲೈಟಾದ್ರೂ ಇದೆಯಾ?"

ಇರಲಿಲ್ಲ. ಹೊಲದಲ್ಲಿ ಕುಣಿಯುತ್ತಿದ್ದ ಗಾಡಿ ಅದು. ರಸ್ತೆಗಿಳಿಸಬೇಕಾದರೆ ಹೆಡ್‌ಲೈಟು, ಬ್ರೇಕ್ ಲೈಟು, ಎಡಬಲದ ಸಿಗ್ನಲ್ಲು, ವೈಪರು, ಹಾರ್ನು, ನಂಬರ್ ಪ್ಲೇಟಿನ ಮೇಲೊಂದು ಪುಟಾಣಿ ಬಲ್ಬು, ಎಲ್ಲವೂ ಇರಬೇಕು; ಇನ್‌ಸ್ಪೆಕ್ಷನ್ ಪಾಸಾಗಿ ಗಾಜಿಗೆ ಸ್ಟಿಕರ್ ಬೀಳಬೇಕು. ಎಂದರೆ ಮೂತಿಯಿಂದ ಬಾಲದವರೆಗೆ ಹೊಸ ವೈರಿಂಗ್. ಮೆಕ್ಯಾನಿಕ್ಕಿಗೆ ಕೊಡೋಣ ಎಂದೆ. ಭಾವ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಹಬ್ಬದ ಹೋಳಿಗೆಯನ್ನು ಹೋಟೆಲಿನಿಂದ ತರಿಸೋಣ ಎಂದಿದ್ದೆನೇನೋ!

ಅವರ ವಿದ್ಯುತ್ ವಿದ್ಯೆಯೆಲ್ಲ ಹುಬ್ಬಳ್ಳಿಯ ಮನೆಯ ಮೀಟರ್ ಬೋರ್ಡಿನ ಕೆಳಗೆ ಸಂಪಾದಿಸಿದ್ದು. "ಕೆಂಪು ಕರೆಂಟು, ಕರಿ ನ್ಯೂಟ್ರಲ್, ಹಸರು ಅರ್ತಿಂಗ್." ಮಗ್ಗಿಗಿಂತ ಮೊದಲು ಕಲಿತ ಪಾಠವಂತೆ. ಆದರೆ ಆ ಜರ್ಮನ್ ಕಾರನ್ನು ಕಟ್ಟಿದವರು ಹುಬ್ಬಳ್ಳಿಗೆ ಬಂದಿರಲಿಲ್ಲವಲ್ಲ! ಅವರ ಲೆಕ್ಕದಲ್ಲಿ ಕಂದು ಬಣ್ಣದ್ದು ಅರ್ತು; ಕೀಲಿ ತಿರುಗಿಸಿದೊಡನೆ ಕರೆಂಟು ಹರಿಯುವುದು ಕರಿಯದರಲ್ಲಿ. ಭಾವ ಕರಿ ವೈರನ್ನು ಭಕ್ತಿಯಿಂದ ತಳದ ಕಬ್ಬಿಣಕ್ಕೆ ಬಿಗಿದು ಕೀಲಿ ತಿರುಗಿಸಿದರು.

'ಚಟಾರ್!'

ಕಿಡಿ ಗ್ಯಾರೇಜಿನ ತಾರಸಿಗೆ ಹಾರಿತು. ನಾನು ಲಾನ್ ಮೂವರ್ ಹಿಂದೆ ಹಾರಿದೆ.

"ದೀಪಾವಳಿಗೆ ಇನ್ನೂ ಟೈಮಿದೆ ರೀ!" ವರಾಂಡದಿಂದ ಅಕ್ಕನ ದನಿ.

ಭಾವ ಹುಬ್ಬಿನ ಮಸಿ ಒರೆಸಿಕೊಂಡು ತೀರ್ಪಿತ್ತರು: "ಈ ಜರ್ಮನ್ ಮಂದಿಗೆ ಬಣ್ಣಾನ ಗೊತ್ತಾಗೂದಿಲ್ಲ!"

ಮುಂದಿನ ಶನಿವಾರ ನಾನು ಆಸ್ಟಿನ್ನಿನಿಂದ ಹೋಗುವಷ್ಟರಲ್ಲಿ ಬಲ್ಬುಗಳೆಲ್ಲ ಕೂತಿದ್ದವು. ಟೆಸ್ಟಿಂಗ್ ಶುರು. ಬ್ರೇಕ್ ಒತ್ತಿದೆ, ಎಡ ಬಲ ಎರಡೂ ಸಿಗ್ನಲ್ಲು ನಾಚಿಕೆಯಿಂದ ಮಿಣುಕಿದವು. ಎಡ ಸಿಗ್ನಲ್ ಹಾಕಿದೆ. ಹೆಡ್‌ಲೈಟು ಕಣ್ಣು ಹೊಡೆಯಿತು. ವೈಪರ್ ಸ್ವಿಚ್ಚು ಎಳೆದೆ; ಹಾರ್ನು ಬಾಣಂತಿಯ ಹಾಗೆ ಸಣ್ಣಗೆ ನರಳಿತು! ಕಾರಣ ಇಷ್ಟೇ. ಕಬ್ಬಿಣದ ಕಾರಿನಲ್ಲಿ ಬಲ್ಬಿಗೆ ಹೋದ ಕರೆಂಟು ಮೈಯ ತಗಡಿನ ಮೂಲಕವೇ ಬ್ಯಾಟರಿಗೆ ವಾಪಸಾಗುತ್ತದೆ. ಫೈಬರ್ ಮೈಯಲ್ಲಿ ಕರೆಂಟು ಹರಿಯುವುದಿಲ್ಲ. ಪ್ರತಿ ಬಲ್ಬಿಗೂ ವಾಪಸು ದಾರಿ ಬೇರೆ ಹಾಕಬೇಕು. ಭಾವ ಎಲ್ಲವನ್ನೂ ಒಂದು ಸಣ್ಣ ವೈರಿಗೆ ಗಂಟು ಹಾಕಿದ್ದರು. ವಠಾರದ ಎಲ್ಲ ಮನೆಗಳ ನೀರನ್ನೂ ಒಂದೇ ಮೋರಿಗೆ ಬಿಟ್ಟಂತೆ. ಇವರ ಮನೆಯಲ್ಲಿ ಪಾತ್ರೆ ತೊಳೆದರೆ ಅವರ ಬಚ್ಚಲಲ್ಲಿ ನೀರು ಉಕ್ಕುತ್ತದೆ!

ಮತ್ತೆ ಎಲ್ಲ ಬಿಚ್ಚಿದೆವು. ಈ ಗದ್ದಲದ ನಡುವೆ ಒಂದು ಸಂಗತಿ ಮೆಲ್ಲನೆ ನಡೆಯುತ್ತಿತ್ತು. ಅಕ್ಕ ವರಾಂಡದಿಂದ ಗ್ಯಾರೇಜಿಗೆ ಬಂದಳು. ಒಂದು ಶನಿವಾರ ಟಾರ್ಚು ಹಿಡಿದಳು. ಇನ್ನೊಂದು ಶನಿವಾರ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ನಿಂತ ಬಗ್ಗಿಯ ಸೀಟಿನಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು! ನಾನು ಬಾಯಿ ತೆರೆಯುವುದರೊಳಗೆ ಭಾವ ಬಗ್ಗಿಯ ಅಡಿಯಿಂದ ಕೈ ಹೊರಚಾಚಿ, ಸುಮ್ಮನಿರು ಎಂದು ಸನ್ನೆ ಮಾಡಿದರು. ಸೊಪ್ಪು ಮುಗಿಯುವ ತನಕ ಇಬ್ಬರೂ ಉಸಿರೆತ್ತಲಿಲ್ಲ.

ಏಳುವಾಗ ಅವಳೇ ಹೇಳಿದಳು. "ಸ್ಟಿಕರ್ ಬರ್ಲಿ, ನೋಡೋಣ. ತರಕಾರಿ ಅಂಗಡೀವರೆಗೆ ಮಾತ್ರ."

ಅಂದಿನಿಂದ ಆ ಸ್ಟಿಕರ್ ನಮಗೆ ವೀಸಾ ಸ್ಟಾಂಪಿಗಿಂತ ದೊಡ್ಡದಾಯಿತು!

ಆಯುಧಪೂಜೆಯ ಮರುವಾರ, ಒಂದು ದಿನದ ಪರವಾನಗಿ ಪಡೆದು, ಭಾವ ಮತ್ತು ನಾನು ಹೊರಟೆವು. ಇನ್‌ಸ್ಪೆಕ್ಷನ್ ಅಂಗಡಿ ಆರು ಮೈಲಿ. ಅಲ್ಲಿದ್ದವನು ಬಿಳಿ ಮೀಸೆಯ ನಿಧಾನಸ್ಥ. ಬಗ್ಗಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಹೆಡ್‌ಲೈಟಿನ ಮುಂದೆ ನಿಂತ.

"ಮುಂದಿನ ದೀಪದ ಮೇಲೆ ಕೆಂಪು ಬಣ್ಣ ಇರಬಾರದು. ಈ ಪೇಂಟ್ ತೆಗೆಯಬೇಕು," ಎಂದ ಇಂಗ್ಲಿಷಿನಲ್ಲಿ.

"ಪೇಂಟಲ್ಲ ಸರ್," ಎಂದರು ಭಾವ ಗಂಭೀರವಾಗಿ, "ದೇವರು."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ: "ಹಾಗಾದರೆ ನೀವೇ ಒರೆಸಿ. ನಾನು ಮುಟ್ಟುವುದಿಲ್ಲ."

ಕುಂಕುಮ ಒರೆಸಿದ್ದಾಯಿತು. ಬ್ರೇಕು ಪಾಸು. ಸಿಗ್ನಲ್ಲು ಪಾಸು. ವೈಪರು ಪಾಸು! ಕೊನೆಗೆ "ಹಾರ್ನ್" ಎಂದ. ಭಾವ ಒತ್ತಿದರು. ಸದ್ದಿಲ್ಲ. ಮನೆಯಲ್ಲಿ ಓಣಿ ಹಾರುವಂತೆ ಕೂಗುತ್ತಿದ್ದ ಹಾರ್ನು ಈಗ ಮೌನವ್ರತ!

"ಐದ ಮಿನಿಟು," ಎಂದು ಭಾವ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಹಾರ್ನಿನ ಫ್ಯೂಜು ಹೋಗಿತ್ತು, ಬೇರೆ ಫ್ಯೂಜು ಇರಲಿಲ್ಲ. ಅವರು ಮಾಡಿದ್ದೇನು? ಇಂಜಿನ್ನಿಗೆ ಹೋಗುವ ಕರಿ ವೈರಿನಿಂದಲೇ, ಒಂದು ತೆಳ್ಳನೆಯ ವೈರನ್ನು ಫ್ಯೂಜಿಲ್ಲದೆ ನೇರವಾಗಿ ಹಾರ್ನಿಗೆ ಎಳೆದರು. ನನಗೆ ಕಂಡಿತು. ಟೆಸ್ಟರ್ ನಾನು, ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಕಣ್ಣ ಮುಂದೆ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ಅಕ್ಕ ಇದ್ದಳು. ಹಾರ್ನು ಕೂಗಿತು. ಸ್ಟಿಕರ್ ಬಿತ್ತು!

"ಮನಿಗೆ ಹೋಗಿ ಫ್ಯೂಜ್ ಹಾಕೂಣು," ಎಂದರು ಭಾವ. ಇಬ್ಬರೂ ಜೋರಾಗಿ ನಗುತ್ತಾ ಅಂಗಡಿಯ ಬಾಯಿಗೆ ಬಂದೆವು. ಎಡಕ್ಕೆ ತಿರುಗಬೇಕು. ಬಲಗಡೆ ದೊಡ್ಡದೊಂದು ಬೋರ್ಡು ಅಡ್ಡ. ಭಾವನಿಗೆ ಆ ಕಡೆ ಕಾಣದು.

"ನಾ ಈ ಕಡೆ ನೋಡ್ತೀನಿ. ನೀ ಆ ಕಡೆ ನೋಡಿ ಹೇಳು."

ನಾನು ಮುಂದಕ್ಕೆ ಬಾಗಿ ನೋಡಿದೆ. ಬಲಗಡೆಯಿಂದ ಕುದುರೆ ಸಾಗಿಸುವ ಟ್ರೇಲರ್ ಎಳೆದುಕೊಂಡು ಒಂದು ಪಿಕಪ್ ರಭಸದಿಂದ ಬರುತ್ತಿತ್ತು. ಕಿರುಚಿದೆ:

"ರೈಟ್! ರೈಟ್!"

ಈಗ ನೀವೇ ಹೇಳಿ. ಹುಬ್ಬಳ್ಳಿಯ ಸಿಟಿ ಬಸ್ಸಿನಲ್ಲಿ ಕಾಲೇಜು ಮುಗಿಸಿದ ಮನುಷ್ಯನಿಗೆ ಹಿಂದಿನಿಂದ ಯಾರಾದರೂ "ರೈಟ್! ರೈಟ್!" ಎಂದರೆ ಏನರ್ಥ? ನಿಲ್ಲಬೇಕಾದರೆ "ಹೋಲ್ಡಾನ್". "ರೈಟ್" ಎಂದರೆ ಬಿಡು, ಹೊರಡು! ನಾನು ಬೆಳೆದ ಮೈಸೂರಿನ ಬಸ್ಸಿನಲ್ಲೂ ಅದೇ ಅರ್ಥ, ನನಗೆ ಗೊತ್ತಿರಲಿಲ್ಲವೇ? ಆ ಗಳಿಗೆಯಲ್ಲಿ ನನ್ನ ನಾಲಗೆ ಅಮೆರಿಕದಲ್ಲಿತ್ತು, ಭಾವನ ಕಿವಿ ಹುಬ್ಬಳ್ಳಿಯಲ್ಲಿತ್ತು. ಅವರು ಕ್ಲಚ್ ಬಿಟ್ಟರು.

ರಸ್ತೆಯ ನಟ್ಟನಡುವೆ ಅವರಿಗೂ ಪಿಕಪ್ ಕಂಡಿತು. ಹಾರ್ನ್ ಒತ್ತಿದರು. ಆ ತೆಳ್ಳನೆಯ ವೈರು ಸ್ಟೀರಿಂಗಿನ ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಕಳೆದುಕೊಂಡಿತ್ತು. 'ಚಟ್' ಎಂದಿತು. ಹಾರ್ನೂ ಇಲ್ಲ, ಇಂಜಿನ್ನೂ ಇಲ್ಲ. ಬಗ್ಗಿ ನಿಂತಿತು. ನನ್ನ ಮೊಣಕಾಲಿನ ಮೇಲೆ ಹೊಗೆ, ಹೊಗೆಯೊಳಗೆ ಬೆರಳುದ್ದದ ಕೆಂಪು ಜ್ವಾಲೆ. ಅದರಾಚೆ ಪೆಟ್ರೋಲ್ ಟ್ಯಾಂಕು. ಪಿಕಪ್ಪಿನ ಟೈರುಗಳು ಕಿರುಚುತ್ತಿದ್ದವು, ಹಿಂದಿನ ಟ್ರೇಲರ್ ಅಡ್ಡಡ್ಡಕ್ಕೆ ತಿರುಗುತ್ತಿತ್ತು. ಭಾವ ನನ್ನ ಮೇಲೆ ಬಾಗಿ, ಉರಿಯುತ್ತಿದ್ದ ವೈರನ್ನು ಬರಿಗೈಯಲ್ಲಿ ಹಿಡಿದು ಬೇರುಸಹಿತ ಕಿತ್ತರು.

ಪಿಕಪ್ ನಿಂತಿತು. ಕೈ ಚಾಚಿದ್ದರೆ ಅದರ ಬಂಪರ್ ಮುಟ್ಟಬಹುದಿತ್ತು. ನಾನು ಚಾಚಲಿಲ್ಲ, ಕೈ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ದೊಡ್ಡ ಟೋಪಿಯ ಚಾಲಕ ಇಳಿದು ಬಂದ. ಬೈಯುತ್ತಾನೆಂದು ತಲೆ ತಗ್ಗಿಸಿದೆ. ಅವನು ನಮ್ಮಿಬ್ಬರ ಮೈಕೈ ನೋಡಿ, ಬಗ್ಗಿಯನ್ನು ಪಕ್ಕಕ್ಕೆ ತಳ್ಳಿಕೊಟ್ಟು, "ಬಣ್ಣ ಚೆನ್ನಾಗಿದೆ" ಎಂದು ಹೇಳಿ ಹೋದ!

ಭಾವ ಹುಲ್ಲಿನ ಮೇಲೆ ಕುಸಿದರು. ಅಂಗೈಗೆ ಅಡ್ಡಲಾಗಿ ಕೆಂಪು ಬರೆ.

"ಅಕಿನ್ನ ಕೂಡಸಿದ್ದರ?" ಎಂದರು. ಮತ್ತೆ ಅದನ್ನೇ ಹೇಳಿದರು. "ಇದರಾಗ ಅಕಿನ್ನ ಕೂಡಸಿದ್ದರ ಏನಾಗತಿತ್ತು? ಮಾರಿ ಬಿಡ್ತೀನಿ. ಅಕಿ ಇನ್ನೆಂದೂ ಹೊರಗ ಬರೂದಿಲ್ಲ ನೋಡು."

ನಾನು ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಏನೂ ಆಗಿಲ್ಲ," ಎಂದು ಶುರು ಮಾಡಿದೆ. ಯಾವ ಮೂರ್ಖರು ಹಾಗೆ ಶುರು ಮಾಡುತ್ತಾರೆ! "ಬೆಂಕಿ ಆರಿಹೋಯ್ತು. ಭಾವನ ಕೈ ಮಾತ್ರ..."

"ಎಲ್ಲಿದೀರಾ?"

ಹೇಳಿದೆ. ಫೋನ್ ಕಟ್ಟಾಯಿತು.

ಅರ್ಧ ಗಂಟೆಯಾಗಿರಬಹುದು. ರಸ್ತೆಯ ಆ ತುದಿಯಲ್ಲಿ ಒಂದು ಬೂದು ಕಾರು, ನಾಲ್ಕು ಕಿಟಕಿಗಳನ್ನೂ ಇಳಿಸಿಕೊಂಡು, ಅಪಾಯದ ದೀಪ ಮಿನುಗಿಸುತ್ತಾ, ಎತ್ತಿನಗಾಡಿಯ ವೇಗದಲ್ಲಿ ಬರುತ್ತಿತ್ತು. ಹಿಂದೆ ಏಳೆಂಟು ವಾಹನಗಳ ಸಾಲು. ಒಬ್ಬರೂ ಹಾರ್ನ್ ಮಾಡುತ್ತಿರಲಿಲ್ಲ.

"ನಮ್ಮ ಕಾರ್ ಅಲ್ಲೇನು ಅದು?" ಭಾವ ಎದ್ದು ನಿಂತರು. "ಯಾರು ತಂದರು?"

ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಂತೆ ಹಿಡಿದು ಅಕ್ಕ ಕೂತಿದ್ದಳು. ಕುಪ್ಪಸವೆಲ್ಲ ಬೆವರು, ಮುಖವೆಲ್ಲ ನೀರು. ನಿಲ್ಲಿಸಿದಳು, ಇಳಿಯಲಿಲ್ಲ.

"ಕೈ ತೋರ್ಸಿ."

ಭಾವ ಕಿಟಕಿಯೊಳಗೆ ಕೈ ಚಾಚಿದರು. ಅವಳು ಅದನ್ನು ತಿರುಗಿಸಿ ನೋಡಿದಳು, ಬಹಳ ಹೊತ್ತು.

"ನೀ... ಬಾಗಲಾ ಹಾಕ್ಕೊಂಡೀ?" ಭಾವ ಮುಚ್ಚಿದ ಬಾಗಿಲನ್ನು ನೋಡಿದರು.

"ಹಾಕದೆ ಓಡಿಸಕ್ಕಾಗತ್ತಾ? ಹಾಕೋವರೆಗೂ ಕುಯ್ಯೋ ಅಂತ ಬಡ್ಕೋತಿತ್ತು ನಿಮ್ಮ ಕಾರು. ಹತ್ತಿ ಇಬ್ರೂ."

ಹತ್ತಿದೆವು. ಬಗ್ಗಿಯನ್ನು ಅಲ್ಲೇ ಬಿಟ್ಟೆವು. ಆರು ಮೈಲಿಯೂ ಅದೇ ಎತ್ತಿನಗಾಡಿಯ ವೇಗ. ಮನೆಯ ಮುಂದೆ ಅಕ್ಕ ಇಂಜಿನ್ ಆರಿಸಲು ಹೋಗಿ ತಡೆದಳು. ಒಂದೊಂದಾಗಿ ನಾಲ್ಕೂ ಕಿಟಕಿಗಳನ್ನು ಮೇಲೇರಿಸಿ, ಆಮೇಲೆ ಆರಿಸಿದಳು. ಭಾವನ ಕೈ ಬಾಗಿಲಿನ ಹಿಡಿಗೆ ಹೋಗಿತ್ತು.

"ಇಳೀಬೇಡಿ," ಎಂದಳು. "ಇನ್ನೊಂದ್ ನಿಮಿಷ ಇರಿ."

ಭಾವ ಕೈ ಹಿಂದೆ ತೆಗೆದುಕೊಂಡರು. ಮುಚ್ಚಿದ ಕಾರಿನೊಳಗೆ ಮೂರು ಜನರ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅದರಲ್ಲಿ ಅಕ್ಕನದು ಯಾವುದೆಂದು, ಭಾವ ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳುತ್ತಿದ್ದರು.